ಕೊರ್ದೊಬಾದಲ್ಲಿ ಗೈಡ್ ಜೊತೆ ನಡೆಯುವವರಿಗೆ: ಓದುಗರ ಪ್ರಶ್ನೆಗಳು

ದಕ್ಷಿಣ ಸ್ಪೇನಿನ ಆಂದಲೂಸಿಯಾ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಬಹುಪಾಲು ಕೊರ್ದೊಬಾ ಒಂದೇ ಊರಿನ ಕುರಿತಾಗಿವೆ. 711ರಲ್ಲಿ ಉತ್ತರ ಆಫ್ರಿಕಾದಿಂದ ಸಮುದ್ರ ದಾಟಿ ಬಂದ ಮುಸ್ಲಿಮರ ಕೈಸೇರಿ, 1236ರವರೆಗೆ ಅವರ ಆಳ್ವಿಕೆಯಲ್ಲಿದ್ದ ನಗರ ಅದು. ಯುರೋಪಿನವರು ಅವರನ್ನು ಮೂರರು ಎಂದು ಕರೆದರು. ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡು ಉತ್ತರಿಸಿದ್ದೇನೆ.

ನಾನು, ನನ್ನ ಪತ್ನಿ ಸೆಪ್ಟೆಂಬರಿನಲ್ಲಿ ಸ್ಪೇನಿಗೆ ಹೊರಟಿದ್ದೇವೆ. ಪ್ಯಾಕೇಜಿನಲ್ಲಿ ಮ್ಯಾಡ್ರಿಡ್‌ನಿಂದ ಸೆವಿಲ್ಲಾಕ್ಕೆ ಹೋಗುವ ದಾರಿಯಲ್ಲಿ ಕೊರ್ದೊಬಾಗೆ ಅರ್ಧ ದಿನ ಇದೆ. ಸಾಕಾಗುತ್ತದೆಯೇ? ಗೈಡ್ ಬೇಕೇ, ಮೊಬೈಲಿನ ಆಡಿಯೋ ಸಾಲದೇ?
(ಓದುಗರೊಬ್ಬರು, ಜಯನಗರ, ಬೆಂಗಳೂರು)

ಸಾಕಾಗುವುದಿಲ್ಲ. ಮ್ಯಾಡ್ರಿಡ್‌ನಿಂದ ವೇಗದ ರೈಲಿನಲ್ಲಿ ಸುಮಾರು ಒಂದೂಮುಕ್ಕಾಲು ಗಂಟೆ, ಅಲ್ಲಿಂದ ಸೆವಿಲ್ಲಾಕ್ಕೆ ಮುಕ್ಕಾಲು ಗಂಟೆ. ಎರಡು ದೊಡ್ಡ ಊರುಗಳ ನಡುವೆ ಹೀಗೆ ಸಲೀಸಾಗಿ ಸಿಗುವುದೇ ಕೊರ್ದೊಬಾಗೆ ಶಾಪವಾಗಿದೆ. ಬಸ್ಸುಗಳು ಹನ್ನೊಂದಕ್ಕೆ ಬರುತ್ತವೆ, ನಾಲ್ಕಕ್ಕೆ ಹೊರಡುತ್ತವೆ. ನಾನು ಮೊದಲ ಸಲ ಹೋದದ್ದೂ ಅಂಥ ಒಂದು ಗುಂಪಿನಲ್ಲೇ. ಧ್ವಜ ಎತ್ತಿ ಹಿಡಿದವರ ಹಿಂದೆ ಓಡಿದೆವು. ಅಲ್ಲಿನ ಹಳೆಯ ಮಸೀದಿಯೊಳಗೆ, ಮೆಕ್ಕಾದ ದಿಕ್ಕು ತೋರಲು ಗೋಡೆಯಲ್ಲಿ ಮಾಡುವ ಗೂಡಾದ ಮಿಹ್ರಾಬಿನ ಮುಂದೆ ನಿಂತು ತಲೆ ಎತ್ತುವಷ್ಟರಲ್ಲಿ ಕಿವಿಗೆ ಸಿಕ್ಕಿಸಿದ್ದ ಯಂತ್ರದಲ್ಲಿ ‘ಮುಂದೆ ಬನ್ನಿ, ಮುಂದೆ ಬನ್ನಿ’ ಎಂಬ ಕೂಗು. ಕಾಲೇಜಿನಲ್ಲಿ ವರ್ಷಗಟ್ಟಲೆ ಮಧ್ಯಯುಗದ ಇತಿಹಾಸ ಪಾಠ ಹೇಳಿದವಳಿಗೆ ಆ ಕಟ್ಟಡದ ಮುಂದೆ ನಿಲ್ಲಲು ಐದು ನಿಮಿಷ ಸಿಗಲಿಲ್ಲವಲ್ಲ ಎಂದು ಹೊಟ್ಟೆ ಉರಿದುಹೋಯಿತು. ಮತ್ತೆ ಹೋಗಿ ಆ ಊರಲ್ಲೇ ಉಳಿದು, ಅಲ್ಲೇ ಹುಟ್ಟಿ ಬೆಳೆದ ಗೈಡ್ ಒಬ್ಬರ ಜೊತೆ ನಡೆದಾಗಲೇ ನನಗೆ ಕೊರ್ದೊಬಾ ಕಂಡದ್ದು.

ಆದ್ದರಿಂದ ಪ್ಯಾಕೇಜಿನವರ ಜೊತೆ ಜಗಳವಾಡಿಯಾದರೂ ಒಂದು ರಾತ್ರಿ ಉಳಿಯಿರಿ. ಗೈಡ್ ಖಂಡಿತ ಬೇಕು. ಆಂದಲೂಸಿಯಾ ಸರ್ಕಾರವೇ ಗೈಡ್‌ಗಳಿಗೆ ಪರವಾನಗಿ ಕೊಡುತ್ತದೆ, ಅವರ ಕೊರಳಲ್ಲಿ ಗುರುತಿನ ಕಾರ್ಡು ಇರುತ್ತದೆ. ಅದನ್ನು ನೋಡಿಯೇ ಗೊತ್ತು ಮಾಡಿಕೊಳ್ಳಿ. ಆಡಿಯೋ ಮುಂದಿರುವುದರ ಹೆಸರು, ಇಸವಿ ಹೇಳುತ್ತದೆ. ನೀವು ತಪ್ಪು ಕಡೆ ನೋಡುತ್ತಿದ್ದರೆ ಭುಜ ಹಿಡಿದು ತಿರುಗಿಸುವುದಿಲ್ಲ. ಕೊರ್ದೊಬಾದಲ್ಲಿ ಆ ತಿರುಗಿಸುವಿಕೆಯೇ ಮುಖ್ಯ. ಯಾಕೆಂದು ಮುಂದಿನ ಉತ್ತರದಲ್ಲಿ ನಿಮಗೇ ಗೊತ್ತಾಗುತ್ತದೆ.

ವಿಜಯಪುರದವನು ನಾನು. ಗೋಳಗುಮ್ಮಟ, ಜಾಮಿಯಾ ಮಸೀದಿ ನೋಡಿಕೊಂಡೇ ಬೆಳೆದವನು. ಕೊರ್ದೊಬಾದ ಮಸೀದಿಯಲ್ಲಿ ನಮ್ಮಂಥವರಿಗೆ ಹೊಸದೇನು ಕಾಣುತ್ತದೆ?
(ಪ್ರೌಢಶಾಲಾ ಶಿಕ್ಷಕರು, ವಿಜಯಪುರ)

ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ವಿಜಯಪುರ ನೋಡಿದವರಿಗೆ ಕೊರ್ದೊಬಾ ಚೆನ್ನಾಗಿ ಅರ್ಥವಾಗುತ್ತದೆ, ಎರಡೂ ತದ್ವಿರುದ್ಧ ಅನ್ನುವ ಕಾರಣಕ್ಕೇ. ಗೋಳಗುಮ್ಮಟದ ಒಳಗೆ ಒಂದೂ ಕಂಬವಿಲ್ಲ. ಒಂದೇ ಗುಮ್ಮಟ ಆಕಾಶವನ್ನೆಲ್ಲ ಹೊತ್ತು ನಿಂತಿದೆ. ನಾವು ಕೆಳಗೆ ನಿಂತು ಸಣ್ಣವರಾಗುತ್ತೇವೆ. ಕೊರ್ದೊಬಾದ ಮಸೀದಿಗೆ ಸ್ಪ್ಯಾನಿಷ್‌ನಲ್ಲಿ ಮೆಸ್ಕೀತಾ ಎನ್ನುತ್ತಾರೆ. ಅಲ್ಲಿ ಎಂಟುನೂರೈವತ್ತಕ್ಕೂ ಹೆಚ್ಚು ಕಂಬಗಳಿವೆ. ಚಾವಣಿ ತಗ್ಗು, ಬೆಳಕು ಕಡಿಮೆ, ಯಾವ ಕಡೆ ನೋಡಿದರೂ ಸಾಲು ಮುಗಿಯುವುದಿಲ್ಲ. ಇಲ್ಲಿ ದೃಷ್ಟಿ ಮೇಲಕ್ಕೆ ಹೋಗುವುದಿಲ್ಲ, ಅಡ್ಡಕ್ಕೆ ಹರಡುತ್ತದೆ.

ಇದನ್ನು ಶುರು ಮಾಡಿದವನು ಒಂದನೇ ಅಬ್ದ್ ಅಲ್ ರಹಮಾನ್. 750ರಲ್ಲಿ ಅಬ್ಬಾಸಿದರು ದಮಾಸ್ಕಸ್ಸಿನ ಉಮಯ್ಯದ್ ಮನೆತನವನ್ನು ಕೊಂದುಹಾಕುತ್ತಿದ್ದಾಗ ತಪ್ಪಿಸಿಕೊಂಡು, ಉತ್ತರ ಆಫ್ರಿಕಾ ಹಾದು ಬಂದು, 756ರಲ್ಲಿ ಇಲ್ಲಿ ರಾಜ್ಯ ಕಟ್ಟಿದ ಹುಡುಗ. 785ರ ಹೊತ್ತಿಗೆ ಮಸೀದಿಯ ಕೆಲಸ ಹಿಡಿದ. ಕಂಬ ಕೆತ್ತಿಸುತ್ತ ಕೂರದೆ, ಹಳೆಯ ರೋಮನ್ ಮತ್ತು ವಿಸಿಗೋಥ್ (ಮುಸ್ಲಿಮರಿಗೆ ಮುಂಚೆ ಆಳಿದವರು) ಕಟ್ಟಡಗಳ ಕಂಬಗಳನ್ನೇ ತಂದು ನಿಲ್ಲಿಸಿದರು. ಅವು ಒಂದೊಂದು ಒಂದೊಂದು ಅಳತೆ. ನಮ್ಮ ಗೈಡ್ ಅಲ್ಲಿ ನೆಲದ ಹತ್ತಿರ ಬಗ್ಗಿಸಿ ನೋಡಿಸಿದರು: ಉದ್ದ ಹೆಚ್ಚಾದ ಕಂಬಕ್ಕೆ ಪೀಠವೇ ಇಲ್ಲ, ನೆಲದಲ್ಲಿ ಹುಗಿದಿದ್ದಾರೆ, ಕಡಿಮೆಯಾದದ್ದಕ್ಕೆ, ಗಿಡ್ಡ ಹುಡುಗನನ್ನು ಮಣೆಯ ಮೇಲೆ ಹತ್ತಿಸಿದ ಹಾಗೆ, ಕೆಳಗೆ ಪೀಠ ಕೊಟ್ಟಿದ್ದಾರೆ. ಆದರೂ ಚಾವಣಿ ತಗ್ಗೇ ಆಗುತ್ತಿತ್ತು. ಅದಕ್ಕೆ ಆ ಕುಶಲಿಗರು ಕಮಾನಿನ ಮೇಲೆ ಕಮಾನು ಇಟ್ಟರು. ಕೆಳಗಿನದು ಕುದುರೆ ಲಾಳದ ಆಕಾರದ್ದು, ಮೇಲಿನದು ಅರ್ಧವೃತ್ತ. ಕೆಳಗಿನ ಕಮಾನು ಕಂಬಗಳನ್ನು ಒಂದಕ್ಕೊಂದು ಹಿಡಿದು ನಿಲ್ಲಿಸುತ್ತದೆ, ಮೇಲಿನದು ಚಾವಣಿಯ ಭಾರ ಹೊರುತ್ತದೆ. ಕಲ್ಲು ಒಂದು, ಇಟ್ಟಿಗೆಯ ಪಟ್ಟೆ ಒಂದು ಎಂದು ಜೋಡಿಸಿದ್ದರಿಂದ ಬಿಳಿ ಕೆಂಪು ಬಣ್ಣ ಬಂದಿದೆ.

ಇನ್ನು ಗೈಡ್ ನನ್ನ ಭುಜ ತಿರುಗಿಸಿದ್ದು ಎಲ್ಲಿ ಅಂದರೆ ಪೂರ್ವದ ಭಾಗದಲ್ಲಿ. ಮಸೀದಿ ಒಂದೇ ಸಲಕ್ಕೆ ಕಟ್ಟಿದ್ದಲ್ಲ. ಎರಡನೇ ಅಬ್ದ್ ಅಲ್ ರಹಮಾನ್ ಒಂಬತ್ತನೇ ಶತಮಾನದಲ್ಲಿ ಬೆಳೆಸಿದ; ಎರಡನೇ ಅಲ್ ಹಕಂ 962ರಿಂದ ಮತ್ತೆ ದಕ್ಷಿಣಕ್ಕೆ ಬೆಳೆಸಿದ. ಅವನ ಭಾಗದ ಕಂಬಗಳು ಹೊಸದಾಗಿ ಕಡೆದವು, ಒಂದು ನೀಲಿ ಛಾಯೆಯದು, ಮುಂದಿನದು ನಸುಗೆಂಪು. ಆಮೇಲೆ 987ರ ಸುಮಾರಿಗೆ, ಬಾಲಕ ಖಲೀಫನ ಹೆಸರಲ್ಲಿ ಆಳುತ್ತಿದ್ದ ಅಲ್ ಮನ್ಸೂರ್ ಇನ್ನೂ ದೊಡ್ಡದು ಮಾಡಲು ಹೊರಟ. ದಕ್ಷಿಣಕ್ಕೆ ಗ್ವಾದಲ್‌ಕಿವೀರ್ ನದಿ ಅಡ್ಡ. ಪೂರ್ವಕ್ಕೆ ಬೆಳೆಸಿದ, ಹಾಗಾಗಿ ಮಿಹ್ರಾಬು ನಡುವಿನಲ್ಲಿ ಉಳಿಯದೆ ಪಕ್ಕಕ್ಕೆ ಸರಿದ ಹಾಗಾಯಿತು. ಅವನ ಭಾಗದ ಕಮಾನುಗಳೂ ದೂರಕ್ಕೆ ಕೆಂಪು ಬಿಳಿಯೇ. ಹತ್ತಿರ ಹೋಗಿ ನೋಡಿದರೆ ಅಲ್ಲಿ ಇಟ್ಟಿಗೆಯೇ ಇಲ್ಲ! ಎಲ್ಲವೂ ಕಲ್ಲು, ಕೆಂಪು ಪಟ್ಟೆ ಬರೀ ಬಣ್ಣ. ಎರಡು ಶತಮಾನ ಹಿಂದಿನವರು ಭಾರ ಹೊರಲು ಕಂಡುಹಿಡಿದ ಉಪಾಯ ಇಲ್ಲಿ ಅಲಂಕಾರವಾಗಿಬಿಟ್ಟಿದೆ. ಒಂದು ರಾಜ್ಯದ ಏರಿಳಿತವನ್ನು ನಾನು ತರಗತಿಯಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿ ಆ ಎರಡು ಕಮಾನು ಹೇಳಿದವು. ಅಲ್ ಮನ್ಸೂರ್ ಸತ್ತದ್ದು 1002ರಲ್ಲಿ. 1031ಕ್ಕೆ ಖಲೀಫರ ಪೀಠವೇ ಮುಗಿಯಿತು.

ಕಂಬಗಳ ಮೇಲೆ ಕಲ್ಲುಕುಟಿಗರು ತಮ್ಮ ಹೆಸರನ್ನು ಸಣ್ಣಗೆ ಅರಬ್ಬಿಯಲ್ಲಿ ಕೊರೆದಿದ್ದಾರೆ. ಗೈಡ್ ತೋರಿಸದೆ ಅದು ಕಣ್ಣಿಗೆ ಬೀಳುವುದು ಕಷ್ಟ, ಕೇಳಿ ತೋರಿಸಿಕೊಳ್ಳಿ. ಮಿಹ್ರಾಬಿನ ಚಿನ್ನದ ಮೊಸಾಯಿಕ್ಕಿಗೆ ಗಾಜಿನ ಹರಳುಗಳೂ ಕುಶಲಿಗನೂ ಬೈಜಾಂಟಿಯಂ ಚಕ್ರವರ್ತಿಯಿಂದ ಬಂದವೆಂದು ಅರಬ್ ಚರಿತ್ರಕಾರರು ಬರೆದಿದ್ದಾರೆ. ನೀವು ಮೇಷ್ಟರಾದ್ದರಿಂದ ಇನ್ನೊಂದು ಮಾತು: ಆ ಮಿಹ್ರಾಬು ಮೆಕ್ಕಾದ ಕಡೆಗೆ ನೇರವಾಗಿಲ್ಲ, ದಕ್ಷಿಣಕ್ಕೆ ಹೆಚ್ಚು ವಾಲಿದೆ. ವಿದ್ವಾಂಸರು ಇಂದಿಗೂ ಕಾರಣ ಚರ್ಚಿಸುತ್ತಿದ್ದಾರೆ. ದಿಕ್ಸೂಚಿ ಹಿಡಿದು ಹೋಗಿ, ಮಕ್ಕಳಿಗೆ ಒಳ್ಳೆಯ ಪಾಠವಾಗುತ್ತದೆ.

ಅಷ್ಟು ಸುಂದರವಾದ ಮಸೀದಿಯ ಹೊಟ್ಟೆ ಸೀಳಿ ಚರ್ಚು ಕಟ್ಟಿದ್ದಾರಂತೆ. ಇದನ್ನು ನೋಡಿ ಮನಸ್ಸಿಗೆ ನೋವಾಗುವುದಿಲ್ಲವೇ? ಈಗ ಅಲ್ಲಿ ನಮಾಜು ಮಾಡಬಹುದೇ?
(ನಿವೃತ್ತ ಬ್ಯಾಂಕ್ ಉದ್ಯೋಗಿ, ಉಡುಪಿ)

ನೋವಾಗುತ್ತದೆ. ಸುಳ್ಳು ಹೇಳುವುದಿಲ್ಲ. ಸಾಲು ಸಾಲು ಕಂಬಗಳ ನಡುವೆ ನಡೆಯುತ್ತಿರುವಾಗ ಇದ್ದಕ್ಕಿದ್ದಂತೆ ಗೋಡೆಗಳೆದ್ದು, ಬಿಳಿಯ ಎತ್ತರದ ಚಾವಣಿ ತೆರೆದುಕೊಂಡಾಗ ಎದೆ ಧಸಕ್ಕೆನ್ನುತ್ತದೆ.

ಆದರೆ ಪೂರ್ತಿ ಕತೆ ಕೇಳಿ. 1236ರಲ್ಲಿ ಕ್ರೈಸ್ತ ದೊರೆ ಮೂರನೇ ಫೆರ್ನಾಂದೋ ಊರು ಗೆದ್ದು ಮಸೀದಿಯನ್ನು ಚರ್ಚಾಗಿ ಪ್ರತಿಷ್ಠೆ ಮಾಡಿಸಿದ. ಅಲ್ ಮನ್ಸೂರ್ 997ರಲ್ಲಿ ಉತ್ತರ ಸ್ಪೇನಿನ ಸಾಂತಿಯಾಗೊ ಚರ್ಚಿನ ಗಂಟೆಗಳನ್ನು ಕ್ರೈಸ್ತ ಸೆರೆಯಾಳುಗಳ ಹೆಗಲ ಮೇಲೆ ಹೊರಿಸಿ ತಂದಿದ್ದನಂತೆ. ಫೆರ್ನಾಂದೋ ಅವನ್ನೇ ಮುಸ್ಲಿಂ ಸೆರೆಯಾಳುಗಳ ಹೆಗಲ ಮೇಲೆ ವಾಪಸು ಕಳಿಸಿದ ಎಂದು ಹಳೆಯ ಚರಿತ್ರೆಗಳು ಹೇಳುತ್ತವೆ. ಆದರೂ ಮುಂದಿನ ಇನ್ನೂರೆಂಬತ್ತು ವರ್ಷ ಕಟ್ಟಡವನ್ನು ಹೆಚ್ಚು ಕಡಿಮೆ ಇದ್ದ ಹಾಗೆಯೇ ಬಳಸಿದರು. 1523ರಲ್ಲಿ ಬಿಷಪ್ ಅಲೊನ್ಸೊ ಮನ್ರೀಕೆ ನಡುವೆ ದೊಡ್ಡ ಕಟ್ಟಡ ಎಬ್ಬಿಸಲು ಹೊರಟಾಗ ಮೊದಲು ಅಡ್ಡ ನಿಂತದ್ದು ಅದೇ ಊರಿನ ಕ್ರೈಸ್ತ ನಗರಸಭೆ. ಒಡೆಯುವ ಕೆಲಸಕ್ಕೆ ಕೈಹಾಕಿದ ಕೂಲಿಗೆ ಮರಣದಂಡನೆ ಎಂದು ಡಂಗುರ ಸಾರಿಸಿತು. ಜಗಳ ಐದನೇ ಕಾರ್ಲೋಸ್ ದೊರೆಯವರೆಗೆ ಹೋಯಿತು, ದೊರೆ ಬಿಷಪ್ಪರ ಪರ ತೀರ್ಪಿತ್ತ. ಆಮೇಲೆ ಬಂದು ನೋಡಿ ಮರುಗಿದ ಎಂದು ಗೈಡ್‌ಗಳೆಲ್ಲ ಹೇಳುತ್ತಾರೆ; ಅದನ್ನು ಐತಿಹ್ಯವೆಂದೇ ಕೇಳಿಸಿಕೊಳ್ಳಿ. ನಗರಸಭೆಯ ಡಂಗುರ ಮಾತ್ರ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಬೇರೆ ಧರ್ಮದವರು ಕಟ್ಟಿದ್ದು ನಮ್ಮ ಊರಿನದು ಎಂದು ಆ ಜನ ಎದ್ದು ನಿಂತರು.

ಸೆವಿಲ್ಲಾದಲ್ಲಿ ಮಸೀದಿಯನ್ನು ಕೆಡವಿ ಕೆಥೆಡ್ರಲ್ ಕಟ್ಟಿದರು. ಉಳಿದದ್ದು ಮಿನಾರು ಮತ್ತು ಕಿತ್ತಳೆ ಮರಗಳ ಅಂಗಳ. ಕೊರ್ದೊಬಾದಲ್ಲಿ ಪೂಜೆ ನಡೆಯುತ್ತಲೇ ಇದ್ದುದರಿಂದ ಉಳಿದ ಕಂಬಗಳು ಉಳಿದವು. ಎರಡನ್ನೂ ನೋಡಿ ಬಂದವಳಾಗಿ, ಕೊರ್ದೊಬಾದಲ್ಲಿ ಆದದ್ದು ಕಡಿಮೆ ಕೆಟ್ಟದ್ದು ಎಂದೇ ಹೇಳುತ್ತೇನೆ.

ನಮಾಜಿಗೆ ಅನುಮತಿ ಇಲ್ಲ. ಸ್ಪೇನಿನ ಮುಸ್ಲಿಂ ಸಂಘಟನೆಗಳು ಕೇಳಿವೆ, ಚರ್ಚು ಒಪ್ಪಿಲ್ಲ. ಕಟ್ಟಡ ಇಂದು ಕೆಥೆಡ್ರಲ್, ನಿತ್ಯ ಪೂಜೆ ನಡೆಯುತ್ತದೆ. ಒಳಗೆ ತಲೆಯ ಮೇಲಿನ ಟೋಪಿ ತೆಗೆಯಲು ಹೇಳುತ್ತಾರೆ, ದನಿ ಏರಿಸಿ ಮಾತಾಡಬಾರದು.

ಈ ನಗರಕ್ಕೂ ಭಾರತಕ್ಕೂ ಏನಾದರೂ ನಂಟು ಇತ್ತೇ?
(ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ)

ಇತ್ತು, ಅದೂ ಗಟ್ಟಿಯಾದದ್ದು. ಬ್ರಹ್ಮಗುಪ್ತನ ಪರಂಪರೆಯ ಖಗೋಳ ಸಿದ್ಧಾಂತ ಗ್ರಂಥ ಎಂಟನೇ ಶತಮಾನದಲ್ಲಿ ಬಾಗ್ದಾದಿಗೆ ಹೋಗಿ ಸಿಂದ್‌ಹಿಂದ್ ಎಂಬ ಹೆಸರಲ್ಲಿ ಅರಬ್ಬಿಗೆ ಬಂತು. ಅದನ್ನು ಅನುಸರಿಸಿ ಅಲ್ಲಿನ ಗಣಿತಜ್ಞ ಅಲ್ ಖ್ವಾರಿಜ್ಮಿ ಗ್ರಹಗಣಿತದ ಕೋಷ್ಟಕಗಳನ್ನು ಮಾಡಿದ. ಹತ್ತನೇ ಶತಮಾನದ ಕೊನೆಗೆ ಕೊರ್ದೊಬಾದ ಖಗೋಳಜ್ಞ ಮಸ್ಲಮಾ ಅಲ್ ಮಜ್ರೀತಿ ಅವನ್ನು ತನ್ನ ಊರಿನ ರೇಖಾಂಶಕ್ಕೂ ಮುಸ್ಲಿಂ ಪಂಚಾಂಗದ ಹಿಜ್ರಿ ವರ್ಷಕ್ಕೂ ಹೊಂದಿಸಿ ತಿದ್ದಿದ. ಅದಕ್ಕೆ ಮೊದಲು ಲೆಕ್ಕ ನಡೆಯುತ್ತಿದ್ದುದು ಉಜ್ಜಯಿನಿಯ ರೇಖೆಯಿಂದ! ಅಲ್ ಖ್ವಾರಿಜ್ಮಿಯ ಅರಬ್ಬಿ ಮೂಲ ಕಳೆದುಹೋಗಿದೆ. ಮಸ್ಲಮಾ ತಿದ್ದಿದ ಪಾಠವನ್ನು ಬಾತ್ ಊರಿನ ಅಡೆಲಾರ್ಡ್ 1126ರಲ್ಲಿ ಲ್ಯಾಟಿನ್‌ಗೆ ತಂದದ್ದರಿಂದ ನಮಗೆ ಉಳಿದಿದೆ. ಉಜ್ಜಯಿನಿಯಿಂದ ಇಂಗ್ಲೆಂಡಿಗೆ ಹೋದ ಗಣಿತ ಕೊರ್ದೊಬಾದಲ್ಲಿ ತಂಗಿ ಹೋಯಿತು.

ಇನ್ನೊಂದು, ಕನ್ನಡದವರಿಗೆ ಪ್ರಿಯವಾದದ್ದು. ಪಂಚತಂತ್ರದ ಕತೆಗಳು ಪಹ್ಲವಿ (ಹಳೆಯ ಪರ್ಷಿಯನ್), ಅರಬ್ಬಿ ಹಾದು ಸ್ಪೇನಿಗೆ ಬಂದು 1251ರಲ್ಲಿ ಕಸ್ತೀಲಿಯನ್, ಅಂದರೆ ಸ್ಪ್ಯಾನಿಷ್ ಭಾಷೆಗೆ ಅನುವಾದವಾದವು. ನಮ್ಮ ದುರ್ಗಸಿಂಹ ಕನ್ನಡದಲ್ಲಿ ಪಂಚತಂತ್ರ ಬರೆದದ್ದು 1031ರ ಸುಮಾರಿಗೆ, ಕೊರ್ದೊಬಾದ ಖಲೀಫರ ಆಳ್ವಿಕೆ ಮುಗಿದ ಕಾಲಕ್ಕೆ. ಇದನ್ನು ನಮ್ಮ ಗೈಡ್‌ಗೆ ಹೇಳಿದೆ. ಅವರು ನಿಂತಲ್ಲೇ ಪುಸ್ತಕ ತೆಗೆದು ಬರೆದುಕೊಂಡರು. ನೀವೂ ಹೇಳಿ. ಗೈಡ್ ಜೊತೆ ನಡೆಯುವುದೆಂದರೆ ಬರೀ ಕೇಳುವುದು ಎಂದು ಯಾಕೆ ತಿಳಿಯಬೇಕು?

ನಮ್ಮ ತಾಯಿಗೆ ಎಪ್ಪತ್ತೆರಡು. ಮಂಡಿ ನೋವಿದೆ, ಶುದ್ಧ ಸಸ್ಯಾಹಾರಿ. ಮೇ ರಜೆಯಲ್ಲಿ ಕರೆದುಕೊಂಡು ಹೋಗಬೇಕೆಂದಿದ್ದೇವೆ. ನಡೆಯಲು ಸಾಧ್ಯವೇ?
(ಗೃಹಿಣಿ, ಮೈಸೂರು)

ಧಾರಾಳವಾಗಿ ಕರೆದುಕೊಂಡು ಹೋಗಿ. ಹಳೆಯ ಊರಿನಲ್ಲಿ ಏರು ಕಡಿಮೆ. ಗ್ರಾನಡಾದ ಅಲ್ಬೈಸಿನ್ ಗುಡ್ಡದಂತೆ ಹತ್ತಿಳಿಯುವ ಕಷ್ಟ ಇಲ್ಲ. ತೊಂದರೆ ಕೊಡುವುದು ನೆಲ. ಎಷ್ಟೋ ಓಣಿಗಳಿಗೆ ನದಿಯ ಉರುಟು ಕಲ್ಲು ಹಾಸಿದ್ದಾರೆ, ಮಂಡಿಗೆ ಒಳ್ಳೆಯದಲ್ಲ. ದಪ್ಪ ಅಟ್ಟೆಯ ಶೂ ಹಾಕಿಸಿ, ಚಪ್ಪಲಿ ಬೇಡ. ಗೈಡ್‌ಗೆ ಮೊದಲೇ ತಿಳಿಸಿ, ಬರೀ ಕುಟುಂಬಕ್ಕೆಂದು ಗೊತ್ತು ಮಾಡಿಕೊಂಡು ಎರಡು ಬೆಳಗುಗಳಿಗೆ ಹಂಚಿ. ಮೊದಲ ದಿನ ರೋಮನ್ ಸೇತುವೆ ಮತ್ತು ಮೆಸ್ಕೀತಾ. ಎರಡನೇ ದಿನ ಯಹೂದಿಗಳ ಹಳೆಯ ಕೇರಿ. ಗಂಟೆಗೋಪುರ ಹತ್ತಿಸಬೇಡಿ. ಮೆಸ್ಕೀತಾದ ಕಿತ್ತಳೆ ಮರಗಳ ಅಂಗಳದಲ್ಲಿ ನೆರಳಿದೆ, ಅಲ್ಲಿ ಕೂರಿಸಿ. ಮರದಿಂದ ಮರಕ್ಕೆ ನೀರು ಹಾಯಿಸಲು ಕಲ್ಲುಹಾಸಿನಲ್ಲೇ ತೆಗೆದ ಸಣ್ಣ ಕಾಲುವೆಗಳಿವೆ. ಅಡಿಕೆ ತೋಟ ಕಂಡವರಾದರೆ ನಿಮ್ಮ ತಾಯಿ ಅಲ್ಲಿಂದ ಬೇಗ ಏಳಲಾರರು.

ಮೇ ತಿಂಗಳ ಮೊದಲ ಎರಡು ವಾರ ಇನ್ನೂ ಒಳ್ಳೆಯದು. ಆಗ ಪಾತಿಯೋ ಹಬ್ಬ: ಜನ ತಮ್ಮ ಮನೆಯ ಒಳ ಅಂಗಳವನ್ನು ಹೂಕುಂಡಗಳಿಂದ ಸಿಂಗರಿಸಿ ಊರಿಗೆಲ್ಲ ಬಾಗಿಲು ತೆರೆಯುತ್ತಾರೆ. 1921ರಿಂದ ಸ್ಪರ್ಧೆ ನಡೆಯುತ್ತ ಬಂದಿದೆ, 2012ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಎತ್ತರದ ಗೋಡೆಯ ಕುಂಡಗಳಿಗೆ ನೀರುಣಿಸಲು ಉದ್ದ ಕೋಲಿನ ತುದಿಗೆ ಡಬ್ಬ ಕಟ್ಟಿಕೊಂಡಿರುತ್ತಾರೆ. ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಆ ಕೋಲನ್ನು ನನ್ನ ಕೈಗೆ ಕೊಟ್ಟು ಜೆರೇನಿಯಂಗೆ ನೀರು ಹಾಕಿಸಿದರು. ಮೊದಲು ಒದ್ದೆಯಾದದ್ದು ನನ್ನ ತೋಳು, ಆಮೇಲೆ ಗಿಡ. ಆಕೆಗೆ ಕನ್ನಡ ಬಾರದು, ನನಗೆ ಸ್ಪ್ಯಾನಿಷ್ ಅರೆಬರೆ; ಆದರೂ ಮಾತು ಮುಗಿಯಲಿಲ್ಲ. ಹಬ್ಬದಲ್ಲಿ ಜನಜಂಗುಳಿ ಇರುತ್ತದೆ, ಕೋಣೆ ಬಹಳ ಮೊದಲೇ ಕಾದಿರಿಸಿ. ಜುಲೈ, ಆಗಸ್ಟ್ ಮಾತ್ರ ಬೇಡವೇ ಬೇಡ. 40 ಡಿಗ್ರಿ ದಾಟುವುದು ಅಲ್ಲಿ ಮಾಮೂಲು.

ಊಟದ ವಿಷಯ. ‘ಮಾಂಸ ಬೇಡ’ ಎಂದರೆ ಟ್ಯೂನಾ ಮೀನು ಹಾಕಿ ತರುತ್ತಾರೆ. ‘ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಮೋನ್’ ಎಂದು ಮೂರನ್ನೂ ಹೇಳಿ: ಮಾಂಸ, ಮೀನು, ಹಂದಿ ಬೇಡ. ಮೊಟ್ಟೆಯೂ ಬೇಡವಾದರೆ ‘ಸಿನ್ ವೆವೊ’. ಊರಿನ ಹೆಸರಾಂತ ಸಾಲ್ಮೊರೆಹೊ ತಣ್ಣಗಿನ ಗಟ್ಟಿ ಸಾರು. ಟೊಮೆಟೊ, ಬ್ರೆಡ್ಡು, ಬೆಳ್ಳುಳ್ಳಿ, ಆಲಿವ್ ಎಣ್ಣೆ ಅರೆದದ್ದು. ಮೇಲೆ ಮೊಟ್ಟೆ, ಹಂದಿಮಾಂಸದ ಚೂರು ಉದುರಿಸುವುದು ವಾಡಿಕೆ, ಉದುರಿಸಬೇಡಿ ಎನ್ನಿ. ಬದನೆಕಾಯಿ ಬಿಲ್ಲೆ ಕರಿದು ಕಬ್ಬಿನ ಕಾಕಂಬಿ ಸುರಿದು ಕೊಡುವ ತಿನಿಸು ನಿಮ್ಮ ತಾಯಿಗೆ ಖಂಡಿತ ಹಿಡಿಸುತ್ತದೆ. ಬದನೆಯೂ ಕಬ್ಬೂ ನಮ್ಮ ಕಡೆಯಿಂದಲೇ ಪರ್ಷಿಯಾ, ಅರಬ್ ದೇಶ ಹಾದು ಅಲ್ಲಿಗೆ ಹೋದ ಬೆಳೆಗಳು. ಕೊರ್ದೊಬಾದ ಪದರದ ಕೇಕಿಗೆ ಹಂದಿಯ ಕೊಬ್ಬು ಬಳಸುತ್ತಾರೆ, ಅದನ್ನು ಬಿಡಿ. ರಾತ್ರಿ ಊಟ ಒಂಬತ್ತರ ಮೇಲೆಯೇ. ಹಣ್ಣು, ಅವಲಕ್ಕಿ ಕೈಲಿರಲಿ.

ಯಹೂದಿ ಕೇರಿಯಲ್ಲಿ ಫೋಟೊಗೆ ಹೂವಿನ ಓಣಿ ಬಿಟ್ಟರೆ ಬೇರೇನಿದೆ?
(ಕಾಲೇಜು ವಿದ್ಯಾರ್ಥಿ, ಮಂಗಳೂರು)

ಹೂವಿನ ಓಣಿಗೆ ಬೆಳಿಗ್ಗೆ ಎಂಟು ಗಂಟೆಯೊಳಗೆ ಹೋಗಿ ಫೋಟೊ ಮುಗಿಸಿ. ಆಮೇಲೆ ಹುದೀಯೋಸ್ ಬೀದಿಯ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ನೋಡಿ. 1315ರದ್ದು, ನಮ್ಮ ಸಣ್ಣ ಗುಡಿಯಷ್ಟೇ ಜಾಗ. ಸ್ಪೇನಿನಲ್ಲಿ ಮಧ್ಯಯುಗದ ಸಿನಗಾಗ್‌ಗಳು ಚೆನ್ನಾಗಿ ಉಳಿದಿರುವುದು ಬೆರಳೆಣಿಕೆಯಷ್ಟು, ಅವುಗಳಲ್ಲಿ ಎರಡು ತೊಲೇದೊದಲ್ಲಿವೆ. ಗೋಡೆಯ ಗಾರೆಯಲ್ಲಿ ಮುಸ್ಲಿಂ ಕುಶಲಿಗರ ಬಳ್ಳಿ, ನಕ್ಷತ್ರ. ಅದರ ಸುತ್ತ ಹೀಬ್ರೂ ಅಕ್ಷರ. ಹೊರಗೆ ಆಳುತ್ತಿದ್ದವರು ಕ್ರೈಸ್ತರು. 1492ರಲ್ಲಿ ಯಹೂದಿಗಳನ್ನು ದೇಶದಿಂದಲೇ ಹೊರಹಾಕಿದ ಮೇಲೆ ಅದು ಹುಚ್ಚುನಾಯಿ ಕಚ್ಚಿದವರ ಆಸ್ಪತ್ರೆಯಾಯಿತು, ಮುಂದೆ ಚಮ್ಮಾರರ ಸಂಘದ ಪ್ರಾರ್ಥನಾಗೃಹವಾಯಿತು. ಹತ್ತೊಂಬತ್ತನೇ ಶತಮಾನದಲ್ಲಿ ಗಾರೆ ಉದುರಿ ಕೆಳಗಿನ ಅಕ್ಷರಗಳು ಹೊರಬಂದವು.

ಹತ್ತಿರದಲ್ಲೇ ಯಹೂದಿ ತತ್ವಜ್ಞಾನಿ ಮೈಮನಿಡೀಸನ ಕಂಚಿನ ಪ್ರತಿಮೆ ಕೂತಿದೆ. ಹನ್ನೆರಡನೇ ಶತಮಾನದಲ್ಲಿ ಇದೇ ಊರಲ್ಲಿ ಹುಟ್ಟಿ, ಉತ್ತರ ಆಫ್ರಿಕಾದಿಂದ ಬಂದ ಅಲ್ಮೊಹದ್ ದೊರೆಗಳ ಕಾಟಕ್ಕೆ ಊರು ಬಿಟ್ಟು, ಈಜಿಪ್ಟಿನಲ್ಲಿ ಸಲಾದಿನ್ ಆಸ್ಥಾನದ ವೈದ್ಯನಾಗಿ 1204ರಲ್ಲಿ ತೀರಿಕೊಂಡವನು. ಕೋಟೆಗೋಡೆಯ ಹೊರಗೆ ಮುಸ್ಲಿಂ ತತ್ವಜ್ಞಾನಿ ಇಬ್ನ್ ರುಶ್ದ್ ಪ್ರತಿಮೆ: ಅರಿಸ್ಟಾಟಲನಿಗೆ ಭಾಷ್ಯ ಬರೆದು ಯುರೋಪಿಗೆ ಪಾಠ ಹೇಳಿದವನು. ಅವನನ್ನೂ 1195ರಲ್ಲಿ ಊರಿನಿಂದ ಗಡೀಪಾರು ಮಾಡಿದರು. ಮೂರು ಧರ್ಮದವರು ಸುಖವಾಗಿ ಬಾಳಿದರು ಎಂದು ಸಿಹಿ ಸವರಿ ಹೇಳುವ ಗೈಡ್ ಸಿಕ್ಕರೆ ಈ ಇಬ್ಬರ ಬಗ್ಗೆ ಕೇಳಿ. ಒಳ್ಳೆಯ ಗೈಡ್ ಕೂಡಿ ಬಾಳಿದ್ದನ್ನೂ ಹೇಳುತ್ತಾರೆ, ಓಡಿಸಿದ್ದನ್ನೂ ಹೇಳುತ್ತಾರೆ.

ಮೆದೀನಾ ಅಸಹಾರಾಗೆ ಹೋಗುವುದು ಸಾರ್ಥಕವೇ? ಖರ್ಚು ಉಳಿಸುವ ದಾರಿ ಏನಾದರೂ ಇದ್ದರೆ ತಿಳಿಸಿ.
(ದುಬೈ ಕನ್ನಡಿಗರು)

ಸಮಯವಿದ್ದರೆ ಹೋಗಿ. ಮೂರನೇ ಅಬ್ದ್ ಅಲ್ ರಹಮಾನ್ 929ರಲ್ಲಿ ತನ್ನನ್ನು ಖಲೀಫನೆಂದು ಸಾರಿಕೊಂಡು, 936ರಿಂದ ಊರಿನ ಪಶ್ಚಿಮಕ್ಕೆ ಸುಮಾರು ಎಂಟು ಕಿಲೋಮೀಟರು ದೂರದಲ್ಲಿ ಕಟ್ಟಿಸಿದ ಅರಮನೆ ಪಟ್ಟಣ. ಅಂತರ್ಯುದ್ಧದಲ್ಲಿ 1010ರ ಸುಮಾರಿಗೆ ಹಾಳಾಯಿತು. ಎಪ್ಪತ್ತೈದು ವರ್ಷವೂ ಬಾಳಲಿಲ್ಲ. ಹಂಪಿ ಸುತ್ತಿದವರಿಗೆ ಹಾಳೂರಿನಲ್ಲಿ ನಡೆಯುವುದನ್ನು ಹೇಳಿಕೊಡಬೇಕಿಲ್ಲ. ಬಹುಭಾಗ ಇನ್ನೂ ಮಣ್ಣಿನಡಿಯೇ ಇದೆ.

ಉಚಿತ ಎಂದು ಕರೆಯುವ ವಾಕಿಂಗ್ ಟೂರುಗಳಲ್ಲಿ ಕೊನೆಗೆ ಇನಾಮು ಕೊಡುವುದು ವಾಡಿಕೆ. ಮೆಸ್ಕೀತಾದ ಒಳಗಿನ ವಿವರಣೆ ಸಾಮಾನ್ಯವಾಗಿ ಅದರಲ್ಲಿ ಸೇರಿರುವುದಿಲ್ಲ. ನನ್ನ ಸಲಹೆ: ಹೊರಗಿನ ಬೀದಿಗಳಿಗೆ ಬೇಕಾದರೆ ಉಳಿತಾಯ ಮಾಡಿ, ಮೆಸ್ಕೀತಾಗೆ ಪರವಾನಗಿ ಪಡೆದ ಗೈಡ್‌ಗೆ ಹಣ ಕೊಡಿ. ಮಾರನೆಯ ದಿನ ಬೆಳಿಗ್ಗೆ ಒಬ್ಬರೇ ಮತ್ತೆ ಒಳಗೆ ಹೋಗಿ. ಭಾನುವಾರ ಬಿಟ್ಟು ಉಳಿದ ದಿನ ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆವರೆಗೆ ಪ್ರವೇಶ ಉಚಿತ, ಗುಂಪುಗಳಿಗೆ ಅವಕಾಶವಿಲ್ಲ. ಹಬ್ಬ, ಸಮಾರಂಭವಿದ್ದರೆ ಬದಲಾಗುತ್ತದೆ, ಹಿಂದಿನ ದಿನ ವಿಚಾರಿಸಿಕೊಳ್ಳಿ. ಮೆದೀನಾ ಅಸಹಾರಾ ಸೋಮವಾರ ಮುಚ್ಚಿರುತ್ತದೆ. ಬೇರೆ ದಿನ ಕೆಳಗಿನ ವಸ್ತುಸಂಗ್ರಹಾಲಯ ಮೊದಲು ನೋಡಿ, ಅಲ್ಲಿಂದ ಮೇಲಕ್ಕೆ ಅವರದ್ದೇ ಬಸ್ಸಿದೆ.